ಅಪ್ಪನಿಗೆ ಮೆಮೊರಿ ಟೆಸ್ಟ್‌ನಲ್ಲಿ 30ಕ್ಕೆ 19 ಬಂತು. ಬ್ರೈನ್ ಟ್ರೈನಿಂಗ್ ಪ್ಯಾಕೇಜ್ ತಗೊಳ್ಳಬೇಕಾ?

ಹಾಸನದ ಬಸ್ಸು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮಪ್ಪನಿಗೆ 74. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಅಮ್ಮ ಹೋದ ಮೇಲೆ ಬೆಂಗಳೂರಿಗೆ ಬಂದು ನಮ್ಮ ಜೊತೆ ಇದ್ದಾರೆ. ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟ್‌ನ ಹಾಲ್‌ನಲ್ಲಿ ಹಿರಿಯರಿಗೆ ಉಚಿತ ತಪಾಸಣೆ ಇತ್ತು. ಬಿಪಿ, ಶುಗರ್ ನೋಡಿದರು. ಪಕ್ಕದ ಟೇಬಲ್‌ನಲ್ಲಿ ಮೆಮೊರಿ ಟೆಸ್ಟ್. ಹೇಗೂ ಬಂದಿದ್ದೀವಲ್ಲ, ಅದೂ ಆಗಲಿ ಅಂತ ನಾನೇ ಕೂರಿಸಿದೆ. ಹದಿನೈದು ನಿಮಿಷ ಆಯ್ತು. 30ಕ್ಕೆ 19.

ಟೆಸ್ಟ್ ಮಾಡಿದ ಹುಡುಗ ಎಲ್ಲರ ಎದುರಿಗೇ "ಅಂಕಲ್‌ಗೆ ಡಿಮೆನ್ಶಿಯಾ ಶುರುವಾಗಿರಬಹುದು ಮೇಡಂ" ಅಂದ. ಅಂದರೆ ಮರೆವಿನ ಕಾಯಿಲೆ. 26ಕ್ಕಿಂತ ಕಡಿಮೆ ಬಂದರೆ ನಾರ್ಮಲ್ ಅಲ್ವಂತೆ. ತಕ್ಷಣ ಒಂದು ಟ್ಯಾಬ್ ತೆಗೆದು ಆಟ ತೋರಿಸಿದ. ಬಣ್ಣಬಣ್ಣದ ಚೌಕಗಳು, ಹಾರುವ ಹಕ್ಕಿ. ಒಂದು ವರ್ಷದ ಬ್ರೈನ್ ಟ್ರೈನಿಂಗ್‌ಗೆ 18 ಸಾವಿರ, ಅಲ್ಲೇ ಕಟ್ಟಿದರೆ 14. ನಾನು ಯೋಚನೆ ಮಾಡಿ ಹೇಳ್ತೀನಿ ಅಂತ ಬಂದುಬಿಟ್ಟೆ.

ಅವತ್ತಿನಿಂದ ಅಪ್ಪ ಮಂಕಾಗಿದ್ದಾರೆ. ದಿನಾ ಬೆಳಗ್ಗೆ ಪೇಪರ್ ಬಂದ ತಕ್ಷಣ ಪದಬಂಧ ತುಂಬುತ್ತಿದ್ದರು. ಈಗ ಆ ಪುಟ ಮಡಚಿ ಇಟ್ಟುಬಿಡುತ್ತಾರೆ. ಮೊನ್ನೆ ರಾತ್ರಿ ನೀರು ಕುಡಿಯೋಕೆ ಎದ್ದೆ. ಅವರ ರೂಮಿನಿಂದ ಸಣ್ಣಗೆ ಮಾತು ಕೇಳಿಸಿತು. ಕಿವಿಗೊಟ್ಟೆ. "ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ, ಹಾಸನ." ಮತ್ತೆ ಹಾಸನದಿಂದ ವಾಪಸ್. ಕತ್ತಲಲ್ಲಿ ಕೂತು ತಮಗೆ ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು.

ನನಗೆ ಗೊತ್ತಿರುವ ಮಟ್ಟಿಗೆ ಅವರಿಗೆ ದೊಡ್ಡ ತೊಂದರೆ ಏನಿಲ್ಲ. ಒಮ್ಮೊಮ್ಮೆ ಹೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಾರೆ. ಟಿವಿ ಮಾತ್ರ ಇಡೀ ಫ್ಲೋರ್‌ಗೆ ಕೇಳಿಸಬೇಕು. ಪೆನ್ಷನ್, ಮಾತ್ರೆ, ಕರೆಂಟ್ ಬಿಲ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಏನು ಮಾಡಲಿ? ದುಡ್ಡು ಕಟ್ಟಲಾ?

ಗುಂಡುಪಿನ್ನು
ಕಟ್ಟಬೇಡಿ. ಟೆಸ್ಟ್ ಮಾಡುವವರೇ ಔಷಧಿ ಮಾರಿದರೆ ಎಲ್ಲರಿಗೂ ಕಾಯಿಲೆ ಇರುತ್ತೆ.

ಅರಳು ಮರಳಲ್ಲ
ದುಡ್ಡು ಕಟ್ಟಬೇಡಿ ಅನ್ನೋದು ಸರಿ. ಆದರೆ ಟೆಸ್ಟೇ ಸುಳ್ಳು ಅಂತ ಕೈಬಿಡಬೇಡಿ ಅಕ್ಕ. ನಮ್ಮ ಮನೆ ಕಥೆ ಹೇಳ್ತೀನಿ.

ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕೋಕೆ ಶುರು ಮಾಡಿದಾಗ ನಾವೆಲ್ಲ ನಕ್ಕೆವು. "ಅರವತ್ತಕ್ಕೆ ಅರಳು ಮರಳು" ಅಂತ ಅಪ್ಪನೇ ತಮಾಷೆ ಮಾಡುತ್ತಿದ್ದರು. ಆಮೇಲೆ ಚಕ್ಕುಲಿ ಮಾಡೋಕೆ ಕೂತು, ಒರಳು ಕೈಯಲ್ಲಿ ಹಿಡಿದು, ಇದರಲ್ಲಿ ಏನು ಮಾಡೋದು ಅಂತ ಸುಮ್ಮನೆ ನೋಡುತ್ತಾ ಕೂತಿದ್ದಳು. ಮದುವೆ ಮನೆಗಳಿಗೆ ಸೇರುಗಟ್ಟಲೆ ಚಕ್ಕುಲಿ ಒತ್ತಿದವಳು. ಆಗಲೂ ಸುಸ್ತಾಗಿದೆ ಅಂದುಕೊಂಡೆವು. ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ದೇವಸ್ಥಾನದಿಂದ ಮನೆಗೆ ದಾರಿ ಗೊತ್ತಾಗದೆ ಆಟೋದವನು ಕರೆತಂದ ದಿನ ಡಾಕ್ಟರ್ ಹತ್ತಿರ ಹೋದೆವು. ಅಷ್ಟರಲ್ಲಿ ಮೂರು ವರ್ಷ ಹೋಗಿತ್ತು.

ಬೇಗ ಹೋಗಿದ್ದರೆ ವಾಸಿ ಆಗುತ್ತಿರಲಿಲ್ಲ, ಅದು ಗೊತ್ತು. ಆದರೆ ಆ ಮೂರು ವರ್ಷ ಅವಳನ್ನು ಬೈಯುವ ಬದಲು ಬೇರೆ ಥರ ಇರಬಹುದಿತ್ತು. ಬ್ಯಾಂಕ್ ಕೆಲಸ, ಮನೆ ಪತ್ರ ಎಲ್ಲ ಅವಳಿಗೆ ಅರ್ಥವಾಗುವಾಗಲೇ ಅವಳನ್ನು ಕೇಳಿ ಮಾಡಬಹುದಿತ್ತು.

ನೈಟ್ ಡ್ಯೂಟಿ ಸಿಸ್ಟರ್
ನಾನು ನ್ಯೂರಾಲಜಿ ವಾರ್ಡ್‌ನಲ್ಲಿ ನರ್ಸ್. ಮೊದಲು ಒಂದು ಮಾತು. ಹದಿನೈದು ನಿಮಿಷದ ಕಾಗದದ ಟೆಸ್ಟ್‌ನಿಂದ ಯಾರಿಗೂ ಡಿಮೆನ್ಶಿಯಾ ಅಂತ ಹೇಳೋಕೆ ಬರಲ್ಲ. ಅದು ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ. 102 ತೋರಿಸಿದರೆ ಮಲೇರಿಯಾ ಅಂತಲ್ಲ.

26ರ ಗೆರೆ ಅಂದಿರಿ ಅಂದರೆ ಅದು ಮೋಕಾ ಟೆಸ್ಟ್ ಇರಬೇಕು. ಕೆನಡಾದಲ್ಲಿ ಮಾಡಿದ್ದು, 2005ರಲ್ಲಿ ಪ್ರಕಟವಾಯ್ತು. ನಿಮ್ಮಪ್ಪ ಎಷ್ಟು ಓದಿದ್ದಾರೆ? ಯಾವ ಭಾಷೆಯಲ್ಲಿ ಕೇಳಿದರು? ಹಾಳೆ ಕೊಟ್ಟಿದ್ದರೆ ಯಾವ ಭಾಗದಲ್ಲಿ ಎಷ್ಟು ಮಾರ್ಕ್ಸ್ ಹೋಗಿದೆ ಅಂತ ಬರೆಯಿರಿ. ಪ್ರಶ್ನೆಗಳನ್ನು ಇಲ್ಲಿ ಹಾಕಬೇಡಿ, ಜನ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಆಮೇಲೆ ನಮಗೆ ನಿಜ ಏನು ಅಂತಾನೇ ಗೊತ್ತಾಗಲ್ಲ.

ಹಾಸನದ ಬಸ್ಸು
ಹಾಳೆ ಇದೆ ಸಿಸ್ಟರ್. ಅಪ್ಪ ಎಸ್ಸೆಸ್ಸೆಲ್ಸಿ. ಹಾಳೆ ಇಂಗ್ಲಿಷ್‌ನಲ್ಲಿತ್ತು, ಆ ಹುಡುಗ ನೋಡಿಕೊಂಡು ಅರ್ಧಂಬರ್ಧ ಕನ್ನಡದಲ್ಲಿ ಕೇಳಿದ.

ಚಿತ್ರ ಬರೆಯೋದು, ಗಡಿಯಾರ: 5ಕ್ಕೆ 5. ಪ್ರಾಣಿಗಳ ಹೆಸರು: 3ಕ್ಕೆ 3. ನೂರರಿಂದ ಏಳೇಳು ಕಳೆಯೋದು: 3ಕ್ಕೆ 3. (ಅದು ಅವರಿಗೆ ಚಿಲ್ಲರೆ ಲೆಕ್ಕ. ಹುಡುಗ ನಿಲ್ಲಿಸಿ ಅಂದರೂ ಎರಡರ ತನಕ ಹೋದರಂತೆ.) ಎರಡು ವಸ್ತುಗಳ ಹೋಲಿಕೆ: 2ಕ್ಕೆ 2. ತಾರೀಖು, ಊರು, ಜಾಗ: 6ಕ್ಕೆ 6.

ಅಂಕೆ ಕೇಳಿಸಿಕೊಂಡು ಹೇಳೋದು: 2ಕ್ಕೆ ಸೊನ್ನೆ. ಅಕ್ಷರ ಕೇಳಿದಾಗ ಟೇಬಲ್ ತಟ್ಟೋದು: ಸೊನ್ನೆ. ವಾಕ್ಯ ಕೇಳಿ ಹಾಗೇ ಹೇಳೋದು: 2ಕ್ಕೆ ಸೊನ್ನೆ. ಒಂದು ಅಕ್ಷರದಿಂದ ಶುರುವಾಗುವ ಪದಗಳು: ಸೊನ್ನೆ. ಅದಕ್ಕೆ "ಎಫ್" ಅಂತ ಕೊಟ್ಟಿದ್ದನಂತೆ! ಐದು ಪದ ಕೇಳಿ ಆಮೇಲೆ ನೆನಪಿಸಿಕೊಳ್ಳೋದು: 5ಕ್ಕೆ ಸೊನ್ನೆ.

ನೈಟ್ ಡ್ಯೂಟಿ ಸಿಸ್ಟರ್
ಈ ಹಾಳೆಯನ್ನು ನೀವೇ ಇನ್ನೊಂದು ಸಲ ನೋಡಿ ಮೇಡಂ. ಕಣ್ಣಲ್ಲಿ ನೋಡಿ ಮಾಡುವುದು, ತಲೆಯಲ್ಲಿ ಲೆಕ್ಕ ಮಾಡುವುದು, ಎಲ್ಲ ಪೂರ್ತಿ. ಕಿವಿಯಲ್ಲಿ ಕೇಳಿಸಿಕೊಂಡು ಮಾಡುವುದು, ಎಲ್ಲ ಸೊನ್ನೆ. "ಎಫ್" ಒಂದನ್ನು ಬಿಟ್ಟರೆ ಹೋದ ಮಾರ್ಕ್ಸ್ ಅಷ್ಟೂ ಕಿವಿಯ ದಾರಿಯಲ್ಲೇ ಹೋಗಿದೆ. ಟಿವಿ ಇಡೀ ಫ್ಲೋರ್‌ಗೆ ಕೇಳಿಸಬೇಕು ಅಂತ ನೀವೇ ಬರೆದಿದ್ದೀರಿ. ಗದ್ದಲದ ಹಾಲ್‌ನಲ್ಲಿ ಕೇಳಿಸದೇ ಇರುವ ಪದವನ್ನು ಐದು ನಿಮಿಷ ಬಿಟ್ಟು ನೆನಪಿಸಿಕೊಳ್ಳಿ ಅಂದರೆ ಎಲ್ಲಿಂದ ತರುತ್ತಾರೆ?

ಇನ್ನೊಂದು. 12 ವರ್ಷ ಅಥವಾ ಕಡಿಮೆ ಓದಿದವರಿಗೆ ಆ ಟೆಸ್ಟ್‌ನಲ್ಲಿ 1 ಮಾರ್ಕ್ ಸೇರಿಸಬೇಕು. ಅದನ್ನೂ ಸೇರಿಸಿಲ್ಲ.

ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಕಿವಿ ಪರೀಕ್ಷೆ ಮಾಡಿಸಿ. ಜೊತೆಗೆ ಬಿ12, ಥೈರಾಯ್ಡ್, ಸೋಡಿಯಂ ರಕ್ತ ಪರೀಕ್ಷೆ. ಸಸ್ಯಾಹಾರಿಗಳಲ್ಲಿ, ಶುಗರ್‌ಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆ ಇರೋದು ತುಂಬಾ ಸಾಮಾನ್ಯ. ನಿದ್ರೆ ಮಾತ್ರೆ, ಅಲರ್ಜಿ ಮಾತ್ರೆ ತಗೊಳ್ತಾರಾ ನೋಡಿ. ಅಮ್ಮ ಹೋದ ಮೇಲೆ ಅಂತ ಬರೆದಿದ್ದೀರಿ. ದುಃಖ ಒಳಗೇ ಕೂತರೂ ಮರೆವಿನ ಥರಾನೇ ಕಾಣುತ್ತೆ, ಅದನ್ನೂ ಡಾಕ್ಟರ್‌ಗೆ ಹೇಳಿ.

ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಿನ್ನೆವರೆಗೂ ಚೆನ್ನಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ಅದು ಬೇರೆ ವಿಷಯ. ಮೂತ್ರದ ಸೋಂಕು, ಸೋಡಿಯಂ ಇಳಿಯೋದು, ಬಿದ್ದು ತಲೆಗೆ ಪೆಟ್ಟು, ಏನು ಬೇಕಾದರೂ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮಾವಿನ ತೋಪು
ನಮ್ಮದು ಶ್ರೀನಿವಾಸಪುರ ತಾಲ್ಲೂಕು. ನಮ್ಮ ಕಡೆ ಮಾವಿನಕಾಯಿ ಬಿಟ್ಟರೆ ಈಗ ಮೆದುಳೇ ಫೇಮಸ್ಸು. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ನಮ್ಮ ಹಳ್ಳಿಗಳ 10 ಸಾವಿರ ಜನರನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬರುವ ಅಧ್ಯಯನ ಇಟ್ಟುಕೊಂಡಿದ್ದಾರೆ. 45 ದಾಟಿದವರು. ರಕ್ತ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ಇರುತ್ತೆ. ಒಂದು ಸಲದ ಮಾರ್ಕ್ಸ್‌ಗಿಂತ ಅದೇ ಮನುಷ್ಯ ಹೋದ ಸಲ ಹೇಗಿದ್ದ, ಈ ಸಲ ಹೇಗಿದ್ದಾನೆ ಅನ್ನೋದು ಮುಖ್ಯ ಅಂತ ಅವರ ಲೆಕ್ಕ. ನಿಮ್ಮಪ್ಪನ ಆ ಹಾಳೆ ಬಿಸಾಕಬೇಡಿ, ಇಟ್ಟುಕೊಂಡಿರಿ.

ಅಜ್ಜಿಯ ಮೊಮ್ಮಗ
ಗಡಿಯಾರದ ಚಿತ್ರ ಅಂದಾಗ ನೆನಪಾಯ್ತು. ನಮ್ಮಜ್ಜಿಗೆ ಓದು ಬರಹ ಬರಲ್ಲ. ಪೆನ್ಸಿಲ್ ಕೊಟ್ಟು ಗಡಿಯಾರ ಬರೆಯಿರಿ ಅಂದರು. ಅಜ್ಜಿ ಪೆನ್ಸಿಲನ್ನು ಸೌದೆ ಕಡ್ಡಿ ಹಿಡಿದ ಹಾಗೆ ಹಿಡಿದುಕೊಂಡು ಆ ಕಡೆ ಈ ಕಡೆ ನೋಡಿದಳು. ಹೆಬ್ಬೆಟ್ಟು ಒತ್ತಿ ಅಭ್ಯಾಸ ಇರುವವಳು. ಮನೆಗೆ ಬಂದು ಅದೇ ದಿನ ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಹಾಕಿದ್ದರು ಅಂತ ನಲವತ್ತು ವರ್ಷದ ಲೆಕ್ಕ ಒಪ್ಪಿಸಿದಳು!

ಲೆಕ್ಕದ ಮೇಷ್ಟ್ರು
ಇದು ಹಳೇ ಸಮಸ್ಯೆ. 1975ರ ಎಂಎಂಎಸ್‌ಇ ಅನ್ನೋ ಅಮೆರಿಕದ ಪರೀಕ್ಷೆಯಲ್ಲಿ ಓದಿ, ಬರೆಯಿರಿ ಅನ್ನುವ ಪ್ರಶ್ನೆಗಳಿವೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರಿಗೆ ಇದು ನಡೆಯಲ್ಲ ಅಂತ ಗೊತ್ತಾಯ್ತು. ಅವರು 1995ರಲ್ಲಿ ಹಿಂದಿಯಲ್ಲಿ ಓದು ಬಾರದವರಿಗೂ ಆಗುವಂತೆ ಅದನ್ನು ಬದಲಾಯಿಸಿದರು. "ಕಣ್ಣು ಮುಚ್ಚಿ" ಅಂತ ಬರೆದದ್ದನ್ನು ಓದಿಸುವ ಬದಲು, ನನ್ನ ಮುಖ ನೋಡಿ, ನಾನು ಮಾಡಿದ ಹಾಗೆ ಮಾಡಿ ಅನ್ನೋದು. ಒಂದು ವಾಕ್ಯ ಬರೆಯಿರಿ ಅನ್ನುವ ಬದಲು ನಿಮ್ಮ ಮನೆ ಬಗ್ಗೆ ಒಂದು ಮಾತು ಹೇಳಿ ಅನ್ನೋದು. ಎಷ್ಟು ಸರಳ ಅಲ್ವಾ?

ಕನ್ನಡಕ್ಕೂ ಇದೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮಾಡಿಸಿದ ಪರೀಕ್ಷೆಗಳ ಗುಂಪು ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆ ಕನ್ನಡದಲ್ಲೂ ಸಿದ್ಧವಾಗಿದೆ. "ಎಫ್" ಅಂತ ಕೇಳುವ ಕರ್ಮ ಇಲ್ಲ.

ನ್ಯೂಜೆರ್ಸಿ ತಾತ
ನನಗೆ 68. ಇಲ್ಲಿ ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಇರುವವರಿಗೆ ವರ್ಷಕ್ಕೊಮ್ಮೆಯ ಭೇಟಿಯಲ್ಲಿ ನೆನಪಿನ ಬಗ್ಗೆಯೂ ನೋಡುತ್ತಾರೆ. ಹೋದ ಸಲ ನರ್ಸ್ ಮೂರು ಪದ ಹೇಳಿದಳು. ಬಾಳೆಹಣ್ಣು, ಸೂರ್ಯೋದಯ, ಕುರ್ಚಿ. (ಸಿಸ್ಟರ್ ಕ್ಷಮಿಸಿ, ಇದು ಎಲ್ಲರಿಗೂ ಗೊತ್ತಿರುವುದೇ.) ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ಬೆಳಗ್ಗೆ ಜಗಲಿ ಮೇಲೆ ಕುರ್ಚಿ ಹಾಕಿಕೊಂಡು ಬಾಳೆಹಣ್ಣು ತಿನ್ನುವ ನಮ್ಮಪ್ಪನನ್ನು ನೆನೆಸಿಕೊಂಡೆ. ಗಡಿಯಾರ ಬರೆದು ಮುಗಿಸಿದ ಮೇಲೆ ಅಪ್ಪನೇ ಬಂದು ಮೂರೂ ಹೇಳಿದರು.

ಆದರೆ ಇಲ್ಲೂ ಒಮ್ಮತ ಇಲ್ಲ. ಅಮೆರಿಕದ ತಜ್ಞರ ಕಾರ್ಯಪಡೆಯೊಂದು 2020ರಲ್ಲಿ, ಯಾವ ತೊಂದರೆಯೂ ಕಾಣದ 65 ದಾಟಿದವರಿಗೆಲ್ಲ ಈ ತಪಾಸಣೆ ಮಾಡಿಸೋದು ಒಳ್ಳೆಯದೋ ಕೆಟ್ಟದ್ದೋ ಹೇಳುವಷ್ಟು ಪುರಾವೆ ಸಾಲದು ಅಂದಿತು. ತೊಂದರೆ ಕಂಡವರಿಗೆ ಪರೀಕ್ಷೆ ಬೇಡ ಅಂತಲ್ಲ. ಕಂಡಕಂಡವರನ್ನು ಕೂರಿಸಿ ಹೆದರಿಸೋದರ ಬಗ್ಗೆ ಮಾತು.

ಟ್ಯಾಪ್ ಟ್ಯಾಪ್
ಎಲ್ಲರೂ ಆ್ಯಪ್‌ಗಳನ್ನು ಯಾಕೆ ಬೈತಿದ್ದೀರೋ ಗೊತ್ತಾಗ್ತಿಲ್ಲ. ನಾನು 66ರವನು, ಎಂಟು ತಿಂಗಳಿಂದ ದಿನಾ ಅರ್ಧ ಗಂಟೆ ಆಡ್ತಿದ್ದೀನಿ. ಸ್ಕೋರ್ 900 ಇದ್ದದ್ದು 1,400 ಆಗಿದೆ. ಮೆದುಳು ಚುರುಕಾಗಿದೆ ಅಂತ ನನಗೇ ಅನಿಸುತ್ತೆ.

ಲೆಕ್ಕದ ಮೇಷ್ಟ್ರು
ಸಂತೋಷ ಸರ್, ಆಡಿ. ಆದರೆ 1,400 ಅಂದರೆ ನೀವು ಆ ಆಟದಲ್ಲಿ ಚೆನ್ನಾಗಿ ಆಡ್ತೀರಿ ಅಂತ. ತರಕಾರಿ ಚೀಟಿ ಮರೆಯಲ್ಲ ಅಂತಲ್ಲ.

ಇದರ ಬಗ್ಗೆ ದೊಡ್ಡ ಪ್ರಯೋಗ ಆಗಿದೆ. ಅಮೆರಿಕದಲ್ಲಿ 65 ದಾಟಿದ 2,832 ಜನ. ಒಂದು ಗುಂಪಿಗೆ ನೆನಪಿನ ತರಬೇತಿ, ಇನ್ನೊಂದಕ್ಕೆ ತರ್ಕ, ಮತ್ತೊಂದಕ್ಕೆ ಕಂಪ್ಯೂಟರ್ ಪರದೆಯಲ್ಲಿ ಬೇಗ ಗುರುತಿಸುವ ವೇಗದ ತರಬೇತಿ. ನಾಲ್ಕನೆಯದಕ್ಕೆ ಏನೂ ಇಲ್ಲ. 2002ರಲ್ಲಿ ಬಂದ ಫಲಿತಾಂಶ ಏನಪ್ಪಾ ಅಂದರೆ, ಯಾವುದನ್ನು ಕಲಿಸಿದರೋ ಅದರಲ್ಲಿ ಸುಧಾರಿಸಿದರು. ನೆನಪು ಕಲಿತವರು ತರ್ಕದಲ್ಲಿ ಮುಂದೆ ಹೋಗಲಿಲ್ಲ. ಈಜು ಕಲಿತರೆ ಸೈಕಲ್ ಬರಲ್ಲವಲ್ಲ, ಹಾಗೆ. ಹತ್ತು ವರ್ಷ ಬಿಟ್ಟು ನೋಡಿದಾಗ ವೇಗದ ಗುಂಪಿನಲ್ಲಿ ಡಿಮೆನ್ಶಿಯಾ ಸುಮಾರು ಶೇ. 29 ಕಡಿಮೆ ಕಂಡಿತು ಅಂತ 2017ರಲ್ಲಿ ಒಂದು ವರದಿ ಬಂತು. ಹಾಗಾಗಿ ಪೂರ್ತಿ ಬೊಗಳೆ ಅಂತ ನಾನು ಹೇಳಲ್ಲ. ಆದರೆ ಅದು ಒಂದು ನಿರ್ದಿಷ್ಟ ತರಬೇತಿ. ಸಿಕ್ಕಸಿಕ್ಕ ಹಕ್ಕಿ ಹಾರಿಸುವ ಆಟಕ್ಕೆ ಆ ಹೆಸರು ಅಂಟಿಸೋಕೆ ಆಗಲ್ಲ.

ಅಂಟಿಸಿದವರಿಗೆ ದಂಡವೂ ಬಿದ್ದಿದೆ. ಲೂಮೋಸಿಟಿ ಅಂತ ಹೆಸರುವಾಸಿ ಆ್ಯಪ್. ವಯಸ್ಸಿನ ಮರೆವು ತಡೆಯುತ್ತೆ ಅನ್ನುವ ಥರ ಜಾಹೀರಾತು ಕೊಟ್ಟರು, ಆಧಾರ ಇರಲಿಲ್ಲ. 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಜೊತೆ ರಾಜಿ ಮಾಡಿಕೊಂಡು 20 ಲಕ್ಷ ಡಾಲರ್ ಕಟ್ಟಿದರು.

ಟ್ಯಾಪ್ ಟ್ಯಾಪ್
ಸರಿ ಮೇಷ್ಟ್ರೇ. ಆದ್ರೂ ಬಿಡಲ್ಲ, ಮಜಾ ಇದೆ.

ತೀರ್ಥಹಳ್ಳಿ ತಂಬುಳಿ
ದಿನಾ ಒಂದೆಲಗದ ತಂಬುಳಿ ತಿನ್ನಲಿ. ನಮ್ಮಜ್ಜ 92ರಲ್ಲೂ ಪಂಚಾಂಗ ಬಾಯಲ್ಲೇ ಹೇಳುತ್ತಿದ್ದರು.

ನೈಟ್ ಡ್ಯೂಟಿ ಸಿಸ್ಟರ್
ತಂಬುಳಿ ತಿನ್ನಲಿ, ನನಗೂ ಇಷ್ಟ. ಅದನ್ನು ನಂಬಿಕೊಂಡು ಬಿಪಿ ಮಾತ್ರೆ ಬಿಡುವವರನ್ನು ನೋಡಿದ್ದೀನಿ, ಅದೊಂದೇ ಭಯ. ಮೆದುಳಿನ ಸಣ್ಣ ರಕ್ತನಾಳಗಳನ್ನು ಹಾಳು ಮಾಡೋದು ಬಿಪಿ, ಶುಗರ್, ಸಿಗರೇಟು. ಫಿನ್ಲೆಂಡಿನಲ್ಲಿ 60ರಿಂದ 77ರ ಒಳಗಿನ 1,260 ಜನರ ಮೇಲೆ ಎರಡು ವರ್ಷ ಒಂದು ಪ್ರಯೋಗ ಮಾಡಿದರು. ಊಟ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ ಶುಗರ್ ಹಿಡಿತ, ನಾಲ್ಕೂ ಒಟ್ಟಿಗೆ. 2015ರಲ್ಲಿ ಫಲಿತಾಂಶ ಬಂದಾಗ ಬರೀ ಸಲಹೆ ಕೇಳಿಸಿಕೊಂಡವರಿಗಿಂತ ಇವರು ಚೆನ್ನಾಗಿದ್ದರು. ಅಲ್ಲಿ ಕಂಪ್ಯೂಟರ್ ಆಟ ಇತ್ತು, ಆದರೆ ನಾಲ್ಕರಲ್ಲಿ ಒಂದು.

ಕಿವಿ ವಿಷಯಕ್ಕೆ ಬಂದರೆ, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಶಿಯಾ ತರುವ, ಆದರೆ ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ದೊಡ್ಡ ಪಾಲಿನವು ಎರಡು: ಕಿವಿ ಕೇಳದಿರುವುದು ಮತ್ತು ಕೆಟ್ಟ ಕೊಲೆಸ್ಟ್ರಾಲ್. ಕಿವಿಗೆ ಮಷೀನ್ ಹಾಕಿದರೆ ಮರೆವು ಬರಲ್ಲ ಅಂತ ಗ್ಯಾರಂಟಿ ಇಲ್ಲ. 977 ಜನರ ಒಂದು ಪ್ರಯೋಗದಲ್ಲಿ ಎಲ್ಲರನ್ನೂ ಸೇರಿಸಿ ನೋಡಿದರೆ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದವರಲ್ಲಿ ಮಾತ್ರ ನೆನಪು, ಯೋಚನಾಶಕ್ತಿ ಕುಗ್ಗೋದು ಅರ್ಧದಷ್ಟು ನಿಧಾನವಾಯ್ತು. ಏನೇ ಇರಲಿ, ಮನೆಯವರ ಮಾತು ಕೇಳಿಸುತ್ತಲ್ಲ.

ಎಂಜಿ ರಸ್ತೆ ಇರಾನಿ ಚಹಾ
ಕಂಡಕ್ಟರ್ ಅಂದಿರಿ. ಎಷ್ಟು ಭಾಷೆ ಬರುತ್ತೆ ಅಪ್ಪನಿಗೆ? ಹೈದರಾಬಾದ್‌ನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಒಂದು ಅಧ್ಯಯನ ಬಂದಿತ್ತು. ಒಂದೇ ಭಾಷೆ ಆಡುವವರಿಗಿಂತ ಎರಡು ಅಥವಾ ಜಾಸ್ತಿ ಭಾಷೆ ಆಡುವವರಿಗೆ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಶಾಲೆಗೇ ಹೋಗದವರಲ್ಲೂ ಹಾಗೇ. ಅದರ ಮುಖ್ಯ ಸಂಶೋಧಕಿ ಡಾ. ಸುವರ್ಣಾ ಅಲ್ಲಾಡಿ ಆಮೇಲೆ ನಿಮ್ಹಾನ್ಸ್‌ಗೆ ಬಂದರು.

ಹಾಸನದ ಬಸ್ಸು
ಕನ್ನಡ, ತಮಿಳು, ತೆಲುಗು, ಉರ್ದು. ಬೈಗುಳ ಸೇರಿದರೆ ಇನ್ನೂ ಎರಡು.

ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೇಜ್ ಬೇಡ ಅಂತ ಫೋನ್ ಮಾಡಿ ಹೇಳಿದೆ. ಆಫರ್ 11 ಸಾವಿರಕ್ಕೆ ಇಳಿಯಿತು. ಈಗ ತೋರಿಸೋಕೆ ಎಲ್ಲಿಗೆ ಹೋಗಲಿ?

ಮಾವಿನ ತೋಪು
ಬೆಂಗಳೂರಲ್ಲೇ ಇದ್ದೀರಿ, ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಕಾಯಬೇಕಾಗುತ್ತೆ, ಊಟ ಕಟ್ಟಿಕೊಂಡು ಹೋಗಿ. ಹೊರಗಿನ ಊರಿನವರಿಗೆ ಹೇಳೋದಾದರೆ, ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಂತ ಶುರು ಮಾಡಿತು. ಮೊದಲು ಜಯನಗರ, ಕೋಲಾರ, ಚಿಕ್ಕಬಳ್ಳಾಪುರ, ಆಮೇಲೆ ಬೇರೆ ಜಿಲ್ಲಾ ಆಸ್ಪತ್ರೆಗಳಿಗೂ ಬಂತು. ಅಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಅಂತ ಕೇಳಿಕೊಂಡು ಹೋಗಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ಹಾಸನದ ಬಸ್ಸು
ಎರಡು ತಿಂಗಳಾದ ಮೇಲೆ ಬರೀತಿದ್ದೀನಿ. ಯಾರಾದರೂ ಇದ್ದೀರಾ?

ಕಿವಿ ಪರೀಕ್ಷೆ ಆಯ್ತು. ಎರಡೂ ಕಿವಿ ಸಾಕಷ್ಟು ಮಂದ. ಗಾಜಿನ ಬಾಗಿಲ ಆ ಕಡೆ ಕೂತು ನೋಡುತ್ತಿದ್ದೆ. ಶಬ್ದ ಕೇಳಿದಾಗ ಬಟನ್ ಒತ್ತಬೇಕು. ನನಗೇ ಸಣ್ಣಗೆ ಕೇಳಿಸುತ್ತಿದೆ, ಅಪ್ಪ ಬಟನ್ ಹಿಡಿದುಕೊಂಡು ನೆಟ್ಟಗೆ ಕೂತಿದ್ದಾರೆ, ಇನ್ನೂ ಶುರುವೇ ಆಗಿಲ್ಲ ಅನ್ನುವ ಹಾಗೆ. ಬಿ12 ಕೂಡ ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು. ಮಷೀನ್ ಹಾಕಿಕೊಂಡ ಮೊದಲ ದಿನ "ಈ ಫ್ಯಾನ್ ಯಾವಾಗಿಂದ ಹೀಗೆ ಕಿರುಗುಟ್ಟುತ್ತಿದೆ?" ಅಂತ ಕೇಳಿದರು. ನಾಲ್ಕು ವರ್ಷದಿಂದ ಅಪ್ಪ.

ಮೊನ್ನೆ ಮತ್ತೆ ಪರೀಕ್ಷೆ ಆಯ್ತು. ಬಾಗಿಲು ಹಾಕಿದ ರೂಮು, ಕನ್ನಡದಲ್ಲಿ, ನಿಧಾನವಾಗಿ. ನನ್ನನ್ನೂ ಬೇರೆಯಾಗಿ ಕೂರಿಸಿ ಅರ್ಧ ಗಂಟೆ ಕೇಳಿದರು. ದುಡ್ಡಿನ ಲೆಕ್ಕ, ಅಡುಗೆ, ದಾರಿ, ಸಿಟ್ಟು, ನಿದ್ರೆ ಎಲ್ಲ. ಡಿಮೆನ್ಶಿಯಾ ಅಂತ ಹೇಳುವ ಹಾಗಿಲ್ಲ ಅಂದರು. ಆದರೆ ಐದು ಪದದಲ್ಲಿ ಎರಡು ಮಾತ್ರ ನೆನಪಾಯ್ತು. ವಯಸ್ಸಿಗೆ ಸ್ವಲ್ಪ ಕಡಿಮೆಯೇ ಅಂತೆ. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದಿದ್ದಾರೆ. ಪೂರ್ತಿ ನಿರಾಳ ಅಂತ ಹೇಳೋಕಾಗಲ್ಲ. ಕ್ಯಾಲೆಂಡರ್‌ನಲ್ಲಿ ತಾರೀಖು ಬರೆದಿಟ್ಟಿದ್ದೀನಿ. ಪಕ್ಕದಲ್ಲಿ ಅಪ್ಪ ತಮ್ಮ ಕೈಯಲ್ಲಿ "ಎರಡಲ್ಲ, ಮೂರು" ಅಂತ ಬರೆದಿದ್ದಾರೆ. ಮನೆಗೆ ಬರುವಾಗ ದಾರಿಯಲ್ಲಿ ಮೂರನೇದು ನೆನಪಾಯ್ತಂತೆ.

ಅರಳು ಮರಳಲ್ಲ
ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಿ. ಪದಬಂಧ?

ಹಾಸನದ ಬಸ್ಸು
ಇನ್ನೂ ಮುಟ್ಟಿಲ್ಲ. ಆದರೆ ಸಂಜೆ ಕೆಳಗೆ ಮೂರು ಜನ ಹಿರಿಯರನ್ನು ಸೇರಿಸಿಕೊಂಡು ಚೌಕಾಬಾರ ಶುರು ಮಾಡಿದ್ದಾರೆ. ಕಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದಿದ್ದಕ್ಕೆ ಅಸೋಸಿಯೇಷನ್‌ನಿಂದ ನನಗೆ ಮೆಸೇಜ್ ಬಂದಿದೆ.

ಟ್ಯಾಪ್ ಟ್ಯಾಪ್
ಐದು ಮನೆಯದಾ, ಏಳು ಮನೆಯದಾ? ನಾಲ್ಕು ಕವಡೆಯೂ ಕವುಚಿ ಬಿದ್ದರೆ ಎಂಟು ತಾನೇ?

ಹಾಸನದ ಬಸ್ಸು
ಕೇಳಿದೆ. "ಐದು ಮನೆ. ಕವುಚಿದರೆ ಎಂಟು, ಇನ್ನೊಂದು ಆಟ. ಅವರು ಯಾವ ಊರು ಅಂತ ಕೇಳು, ಬಸ್ ಸ್ಟಾಪ್ ಹೇಳ್ತೀನಿ" ಅಂತಿದ್ದಾರೆ.